ಹತ್ತೋದು ಬಿಡಿ, ಇಳಿಯೋದು ಹೇಳಿ

ಕೊಡಚಾದ್ರಿಗೆ ಸೈಕಲ್‌ನಲ್ಲಿ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ನನ್ನ ಕಾಲು ನೋಡುತ್ತಾರೆ. ತೊಡೆ ನೋವು ಬಂತಾ, ಮಂಡಿ ಹಿಡೀತಾ ಅಂತ ಕೇಳುತ್ತಾರೆ. ಬೆರಳಿನ ವಿಷಯ ಒಬ್ಬರೂ ಕೇಳಿಲ್ಲ. ನಾನು ಸೋತಿದ್ದು ಬೆರಳಿನಲ್ಲಿ. ಅದನ್ನು ಹೇಳೋಕೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಈ ಸುತ್ತಿನ ಯೋಚನೆ ಭಾವನದು. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಸಂಪೆಕಟ್ಟೆ ಹತ್ತಿರ ಮನೆ, ಎರಡು ಎಕರೆ ಅಡಿಕೆ ತೋಟ. ವಯಸ್ಸಿನಲ್ಲಿ ನನಗಿಂತ ಆರು ವರ್ಷ ದೊಡ್ಡವರು, ತೂಕದಲ್ಲಿ ಹದಿನೈದು ಕೆ.ಜಿ. ಕಡಿಮೆ. ಹೋದ ವರ್ಷ ಮಗನಿಗೆ ಅಂತ ಗೇರಿನ ಸೈಕಲ್ ಕೊಡಿಸಿದರು. ಮಗ ಮೊಬೈಲ್ ಹಿಡಿದು ಕೂತ, ಸೈಕಲ್ ಅಪ್ಪನ ಪಾಲಾಯಿತು. ಅಂದಿನಿಂದ ಫೋನ್ ಮಾಡಿದಾಗೆಲ್ಲ ಒಂದೇ ಮಾತು. “ಮನೆ ಅಂಗಳದಿಂದ ಗುಡ್ಡ ಕಾಣ್ತದೆ ಮಾರಾಯ. ದಿನಾ ನೋಡಿ ನೋಡಿ ಸಾಕಾಯ್ತು. ಒಂದು ಸಲ ತುಳಿದೇ ಬಿಡಾಣ.”

ನಾನು ಶಿವಮೊಗ್ಗದಲ್ಲಿ ಮೇಜಿನ ಮುಂದೆ ಕೂತು ಕೆಲಸ ಮಾಡುವವನು. ಭಾನುವಾರ ಬೆಳಿಗ್ಗೆ ನಾಲ್ಕು ಜನ ಸೇರಿ ಗಾಜನೂರು ಡ್ಯಾಂ ತನಕ ಹೋಗಿ, ಕರಗಿಸಿದ್ದಕ್ಕಿಂತ ಜಾಸ್ತಿ ತಿಂದು ವಾಪಸ್ ಬರುವ ಗುಂಪು ನಮ್ಮದು. ಒಂದು ಸಲ ಕುಂದಾದ್ರಿ ಹತ್ತಿದ್ದೆ. ಆಗುಂಬೆ ದಾರಿಯಲ್ಲಿ ಗುಡ್ಡೇಕೇರಿ ಹತ್ತಿರ ತಿರುಗಿದರೆ ಮೇಲಿನ ಬಸದಿ ತನಕ ರಸ್ತೆ ಇದೆ. ಕಡಿದು ಅಂದರೆ ಕಡಿದು, ಆದರೆ ಟಾರು. ಆ ಒಂದು ಧೈರ್ಯದಲ್ಲಿ ಭಾವನಿಗೆ ಹೂಂ ಅಂದುಬಿಟ್ಟೆ.

ದಾರಿ ಹೀಗೆ. ಸಂಪೆಕಟ್ಟೆಯಿಂದ ಕಟ್ಟಿನಹೊಳೆ. ಅಲ್ಲಿಂದ ಜೀಪಿನ ದಾರಿಯಲ್ಲಿ ಕೊಡಚಾದ್ರಿ. ಮತ್ತೆ ಕಟ್ಟಿನಹೊಳೆಗೆ ಇಳಿದು, ನಿಟ್ಟೂರಿಗೆ ಹೋಗಿ, ಕೊಲ್ಲೂರು ರಸ್ತೆ ಹಿಡಿದು ಮನೆ. ಕಾಗದದ ಮೇಲೆ ಗೀಚಿದರೆ ಹಿಡಿ ಇರುವ ಕಾವಲಿ ತರ ಕಾಣುತ್ತದೆ. ಆ ಹಿಡಿಯೇ ಗುಡ್ಡ. ಕೊಡಚಾದ್ರಿಯ ಎತ್ತರ 1,343 ಮೀಟರ್. ನಾವು ಹೊರಡುವ ಜಾಗ ಅದರ ಅರ್ಧದಷ್ಟೂ ಎತ್ತರದಲ್ಲಿಲ್ಲ ಅಂತ ಭಾವನ ಅಂದಾಜು. ಗುಡ್ಡ ಇರುವುದು ಮೂಕಾಂಬಿಕಾ ವನ್ಯಜೀವಿಧಾಮದ ಕಾಡಿನಲ್ಲಿ. ಹಾಗಾಗಿ ಹದಿನೈದು ದಿನ ಮೊದಲೇ ಭಾವ ಅರಣ್ಯ ಇಲಾಖೆಯವರನ್ನು ಕಂಡು, ಸೈಕಲ್ ಒಯ್ಯಬಹುದಾ ಅಂತ ಕೇಳಿ, ಒಪ್ಪಿಗೆ ತೆಗೆದುಕೊಂಡಿದ್ದರು. ಹೋಗುವವರು ಸುಮ್ನೆ ಹೋಗಿ ಗೇಟಿನ ಮುಂದೆ ವಾದ ಮಾಡಬೇಡಿ. ಕೇಳಿಕೊಂಡೇ ಹೋಗಿ.

ನವೆಂಬರ್ ಕೊನೆಯ ಶುಕ್ರವಾರ ಮಧ್ಯಾಹ್ನ ಶಿವಮೊಗ್ಗದ ಖಾಸಗಿ ಬಸ್ ಸ್ಟ್ಯಾಂಡಿಗೆ ಸೈಕಲ್ ತಳ್ಳಿಕೊಂಡು ಹೋದೆ. ಕ್ಲೀನರ್ ಹುಡುಗ ಒಂದೇ ಕೈಯಲ್ಲಿ ಎತ್ತಿ ನೋಡಿ, “ಇಷ್ಟು ಹಗುರ ಇದಕ್ಕೆ ಎಷ್ಟು ಕೊಟ್ರಿ ಸಾರ್?” ಅಂದ. ನಾನು ಅರ್ಧ ರೇಟು ಹೇಳಿದೆ. ಆದರೂ ಅವನಿಗೆ ನಗು. ಬಸ್ಸಿನ ಮೇಲೆ ಮಲಗಿಸಿ ಹಗ್ಗ ಬಿಗಿದ. ಗೇರ್ ಇರುವ ಬದಿ ಮೇಲೆ ಬರಲಿ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ಆಯನೂರು, ರಿಪ್ಪನ್‌ಪೇಟೆ, ಹೊಸನಗರ ದಾಟುವಷ್ಟರಲ್ಲಿ ಸೈಕಲ್ ಜೊತೆಗೆ ನಾಲ್ಕು ಹಿಂಡಿ ಚೀಲ, ಒಂದು ಪ್ಲಾಸ್ಟಿಕ್ ಡ್ರಮ್ ಹತ್ತಿದ್ದವು. ನಗರ ಅನ್ನುವ ಊರಿನಲ್ಲಿ ಬಸ್ ಟೀಗೆ ನಿಂತಿತು. ಕೆಳದಿ ಅರಸರ ಬಿದನೂರು ಇದೇ. 1763ರಲ್ಲಿ ಹೈದರಾಲಿ ಹಿಡಿದ ಕೋಟೆ ರಸ್ತೆ ಪಕ್ಕದಲ್ಲೇ ಇದೆ. ನಾನು ಕೋಟೆ ನೋಡುತ್ತಾ ಟೀ ಕುಡಿದೆ, ತಲೆ ಎತ್ತಿ ಬಸ್ಸಿನ ಮೇಲೆ ಮಾತ್ರ ನೋಡಲಿಲ್ಲ. ಈ ಚೀಲದ ಕತೆ ಮುಂದೆ ಬರುತ್ತದೆ.

ರಾತ್ರಿ ಜಗಲಿಯಲ್ಲಿ ತಯಾರಿ. ಭಾವ ನನ್ನ ಟೈರನ್ನು ಹೆಬ್ಬೆರಳಲ್ಲಿ ಒತ್ತಿ, ಬೆರಳ ಗೆಣ್ಣಲ್ಲಿ ಬಡಿದು ನೋಡಿದರು, ಹಲಸಿನಕಾಯಿ ಬಲಿತಿದೆಯಾ ಅಂತ ನೋಡುವ ಹಾಗೆ. “ಕಲ್ಲಾಗಿದೆ. ಗಾಳಿ ಬಿಡು.” ಊರಿನ ರಸ್ತೆಗೆ ನಾನು 45 ಪಿಎಸ್‌ಐ ಹಾಕಿಕೊಂಡಿದ್ದೆ. ಅಷ್ಟು ಗಾಳಿ ಇದ್ದರೆ ಜಲ್ಲಿ ಮೇಲೆ ಟೈರ್ ಹಿಡಿಯುವುದಿಲ್ಲ, ಪುಟಿಯುತ್ತದೆ. ತೀರಾ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿನ ಅಂಚಿಗೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತದೆ. ನನ್ನ ತೂಕ 78. ಮುಂದೆ 26, ಹಿಂದೆ 29ಕ್ಕೆ ನಿಲ್ಲಿಸಿದೆವು. ಒಂದು ಪಂಚರೂ ಆಗಲಿಲ್ಲ, ಅದಕ್ಕೇ ಈ ಲೆಕ್ಕ ಹೇಳುತ್ತಿರುವುದು.

ಅತ್ತಿಗೆ ಒಂದು ಬಾಟಲಿ ತಂದು ಮುಂದಿಟ್ಟರು. ಮಂಗನ ಕಾಯಿಲೆ ಹರಡುವ ಉಣುಗು, ಅಂದರೆ ಉಣ್ಣೆ ಹುಳ ಹತ್ತದಿರಲಿ ಅಂತ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆಯವರು ಹಂಚುವ ತೈಲ. ಈ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಹೆಸರೇ ಕಾಯಿಲೆಗೂ ಬಂತು. ಡಿಸೆಂಬರ್ ಶುರುವಾದರೆ ಬೇಸಿಗೆ ಮುಗಿಯುವ ತನಕ ಇಲ್ಲಿನವರಿಗೆ ಅದರ ಹೆದರಿಕೆ. ಪೇಟೆಯಿಂದ ಚಾರಣಕ್ಕೆ ಬರುವವರು ಉಂಬಳ (ಜಿಗಣೆ) ನೋಡಿ ಕಿರುಚುತ್ತಾರೆ. ಉಂಬಳ ರಕ್ತ ಕುಡಿದು ಬಿದ್ದು ಹೋಗುತ್ತದೆ ಅಷ್ಟೆ. ಹೆದರಬೇಕಾದ್ದು ಕಣ್ಣಿಗೂ ಕಾಣದ ಈ ಉಣುಗಿಗೆ. “ಮೊಣಕಾಲ ಕೆಳಗೆ ಪೂರ್ತಿ ಹಚ್ಚಿಕೊಳ್ಳಿ. ದರಗಿನ ಮೇಲೆ, ಒಣ ಎಲೆ ಮೇಲೆ ಕೂರಬೇಡಿ. ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಬಕೆಟ್ಟಿಗೆ,” ಅಂದರು ಅತ್ತಿಗೆ. ಅವರ ಮಾತಿಗೆ ಎದುರಾಡುವ ಪದ್ಧತಿ ಆ ಮನೆಯಲ್ಲಿಲ್ಲ.

ಬೆಳಿಗ್ಗೆ ಐದೂಮುಕ್ಕಾಲಿಗೆ ಹೊರಟೆವು. ಹೊಟ್ಟೆಯಲ್ಲಿ ಕಡುಬು, ಕಾಯಿಚಟ್ನಿ. ಚೀಲದಲ್ಲಿ ಬಾಳೆಹಣ್ಣು, ಬೆಲ್ಲ, ಹುರಿದ ಶೇಂಗಾ, ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ. ಎರಡು ಬಾಟಲಿ ನೀರು, ಒಂದು ಬಾಟಲಿ ಉಪ್ಪು ಹಾಕಿದ ಮಜ್ಜಿಗೆ. ಭಾವ ಮಂಕಿ ಕ್ಯಾಪ್ ಮೇಲೆ ಹೆಲ್ಮೆಟ್ ಹಾಕಿದ್ದರು. ಸೊಂಟದಲ್ಲಿ ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ. “ಬಿದ್ದರೆ ಚುಚ್ಚುತ್ತದೆ ಭಾವ, ತೆಗೆದಿಡಿ” ಅಂದೆ. “ಇಪ್ಪತ್ತೈದು ವರ್ಷದಿಂದ ಇದನ್ನು ಕಟ್ಟಿಕೊಂಡೇ ಬೀಳ್ತಾ ಇದೀನಿ” ಅಂದರು. ಕೊನೆಗೆ ಅತ್ತಿಗೆಯೇ ಬಿಚ್ಚಿಸಿದರು.

ಕಟ್ಟಿನಹೊಳೆ ತನಕದ ದಾರಿ ಚೆನ್ನಾಗಿತ್ತು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಂಜು, ತೋಟ, ಗದ್ದೆ, ಬೊಗಳುವ ನಾಯಿ. ಒಂದು ಏರು, ಒಂದು ಇಳಿ. ಸಣ್ಣ ಗೇರಿಗೆ ಹಾಕಿದಾಗ ಹಿಂದಿನಿಂದ ‘ಟಿಕ್ ಟಿಕ್’ ಅಂತ ಸದ್ದು. ಚೈನಿಗೆ ಎಣ್ಣೆ ಕಡಿಮೆ ಆಗಿರಬೇಕು ಅಂದುಕೊಂಡೆ.

ಗೇಟಿನ ಹತ್ತಿರ ಹೆಸರು ಬರೆಸಿ ದುಡ್ಡು ಕಟ್ಟುವಾಗ ಜೀಪಿನವರು ನಾಲ್ಕು ಜನ ಬೀಡಿ ಹಚ್ಚಿಕೊಂಡು ನಿಂತಿದ್ದರು. ಅದರಲ್ಲಿ ಹಿರಿಯರೊಬ್ಬರು ನಮ್ಮ ಸೈಕಲ್ ಸುತ್ತ ಒಂದು ಸುತ್ತು ಬಂದರು. ಬ್ರೇಕಿನ ಡಿಸ್ಕನ್ನು ಬೆರಳಲ್ಲಿ ಮುಟ್ಟಿ ನೋಡಿದರು.

“ಇಷ್ಟೇ ಇಷ್ಟು ತಗಡಾ?”

“ಹೌದು. ಹತ್ತೋಕೆ ಆಗುತ್ತಾ ಅಂತ ನೋಡಬೇಕು,” ಅಂದೆ.

“ಹತ್ತೋದು ಬಿಡಿ ಮಾರಾಯ್ರೆ. ಆಗದಿದ್ರೆ ತಳ್ತೀರಿ. ಇಳಿಯೋದು ಹೇಳಿ.”

ಆಗ ನಕ್ಕೆ. ಇಳಿಯುವುದಕ್ಕೆ ಏನಿದೆ, ಕೂತರಾಯಿತು ಅಂತ ನನ್ನ ಎಣಿಕೆ. ಇನ್ನೊಂದು ಮಾತೂ ಹೇಳಿದರು. “ಜೀಪಿನ ಸದ್ದು ಕೇಳಿದ್ರೆ ಗುಡ್ಡದ ಬದಿಗೆ ನಿಲ್ಲಿ. ಕಣಿವೆ ಬದಿಗೆ ನಿಂತು ನಮಗೆ ದಾರಿ ಬಿಡಬೇಡಿ. ಅಂಚು ಕುಸೀತದೆ.” ಈ ಒಂದು ಮಾತು ಆ ದಿನ ಎಂಟು ಸಲ ಕೆಲಸಕ್ಕೆ ಬಂತು.

ಜೀಪ್ ದಾರಿ ಸುಮಾರು ಹತ್ತು ಕಿಲೋಮೀಟರ್. ದಾರಿ ಅನ್ನುವುದು ಮರ್ಯಾದೆಗೆ. ಮಳೆಗಾಲದ ನೀರು ಹರಿದು ನಡುವೆ ಕೊರಕಲು ಬಿದ್ದಿದೆ. ಜೀಪಿನ ಗಾಲಿ ಉರುಳಿ ಉರುಳಿ ಎರಡು ಜಾಡು ಮೊಣಕಾಲು ಆಳಕ್ಕೆ ಇಳಿದಿವೆ. ಜಾಡಿನೊಳಗೆ ತುಳಿದರೆ ಪೆಡಲು ಅಂಚಿಗೆ ಬಡಿಯುತ್ತದೆ. ನಡುವಿನ ದಿಣ್ಣೆ ಮೇಲೆ ಹೋದರೆ ಒಂದು ಗೇಣು ತಪ್ಪಿದರೂ ಜಾಡಿಗೆ ಬೀಳುತ್ತೀರಿ. ಮೇಲಿನಿಂದ ಕೆಂಪು ಧೂಳು, ಅದರಡಿ ಮುಷ್ಟಿ ಗಾತ್ರದ ಕಲ್ಲು, ಯಾವುದಕ್ಕೂ ಬೇರು ಇಲ್ಲ. ಟೈರ್ ಕೆಳಗಿನಿಂದ ಜಾರಿಕೊಂಡು ಹಿಂದೆ ಹೋಗುತ್ತವೆ.

ನೆಲಕ್ಕೆ ಕಾಲಿಡದೆ ಹತ್ತುತ್ತೇನೆ ಅಂತ ಮನಸ್ಸಿನಲ್ಲೇ ಪಣ ತೊಟ್ಟಿದ್ದೆ. ಎರಡನೇ ತಿರುವಿಗೆ ಪಣ ಮುಗಿಯಿತು.

ಆಮೇಲೆ ನಿಧಾನಕ್ಕೆ ಕಲಿತೆ. ಇಂಥ ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಗಾಲಿ ಸುಮ್ನೆ ತಿರುಗುತ್ತದೆ, ಸೈಕಲ್ ಕದಲುವುದಿಲ್ಲ. ಹಿಂದೆ ಸರಿದು ಕೂತರೆ ಮುಂದಿನ ಗಾಲಿ ಕುದುರೆ ತರ ಏಳುತ್ತದೆ. ಸೀಟಿನ ಮೂತಿಗೆ ಬಂದು ಕೂರಬೇಕು, ಎದೆ ಹ್ಯಾಂಡಲ್ ಹತ್ತಿರಕ್ಕೆ ಬಗ್ಗಬೇಕು, ಮೊಣಕೈ ಒಳಗೆ. ಕಣ್ಣು ಮುಂದಿನ ಕಲ್ಲಿನ ಮೇಲಿರಬಾರದು, ಮೂರು ಮಾರು ಆಚೆಗಿರಬೇಕು. ಯಾವ ಕಲ್ಲನ್ನು ದಿಟ್ಟಿಸುತ್ತೀರೋ ಗಾಲಿ ಸೀದಾ ಅದಕ್ಕೇ ಹೋಗುತ್ತದೆ. ಇದು ಯಾಕೆ ಹಾಗೋ ಗೊತ್ತಿಲ್ಲ, ನೂರು ಸಲ ನಡೆಯಿತು. ಹೀಗೆ ಬಗ್ಗಿ, ಅತಿ ಸಣ್ಣ ಗೇರಿನಲ್ಲಿ, ನಡೆಯುವವರಿಗಿಂತ ಸ್ವಲ್ಪ ಜೋರಾಗಿ ಹೋದೆ. ಉಸಿರು ಕಮ್ಮಾರನ ತಿದಿ. ‘ಟಿಕ್ ಟಿಕ್’ ಈಗ ‘ಟಕ್ ಟಕ್’ ಆಗಿತ್ತು. ಆದರೆ ನನ್ನ ಎದೆ ಬಡಿತದ ಮುಂದೆ ಅದು ಯಾರಿಗೆ ಕೇಳುತ್ತದೆ?

ತಳ್ಳುವುದೂ ಒಂದು ವಿದ್ಯೆ. ನಾನು ಹ್ಯಾಂಡಲ್ ಎರಡೂ ಕಡೆ ಹಿಡಿದು ಬಗ್ಗಿ ತಳ್ಳುತ್ತಿದ್ದೆ, ಪೆಡಲು ಮೀನಖಂಡಕ್ಕೆ ಬಡಿಯುತ್ತಿತ್ತು. ಭಾವ ಹಾಗೆ ಮಾಡಲೇ ಇಲ್ಲ. ಕಡಿದು ಬಂದ ಕಡೆ ಇಳಿದು, ಸೈಕಲ್ಲನ್ನು ನೇಗಿಲ ಹಾಗೆ ಹೆಗಲಿಗೆ ಏರಿಸಿ, ಸದ್ದಿಲ್ಲದೆ ನಡೆದುಬಿಡುತ್ತಿದ್ದರು. ಐವತ್ತು ಹೆಜ್ಜೆ, ಇಳಿಸು, ಹತ್ತು, ತುಳಿ. ಒಂದು ಸಲ ಕೇಳಿದೆ, “ಭಾವ, ಇದು ಸೈಕಲ್ ಹೊಡೆಯೋದಾ, ಹೊರೋದಾ?”

“ಗೊಬ್ಬರದ ಬುಟ್ಟಿಗಿಂತ ಹಗುರ ಇದೆಯಲ್ಲ” ಅಂದರು.

ಆರನೇ ಕಿಲೋಮೀಟರಿನ ಸುಮಾರಿಗೆ ಒಂದು ಜೀಪ್ ಕೆಳಗಿನಿಂದ ಬಂತು. ಮೊದಲು ಸದ್ದು, ಆಮೇಲೆ ಸುಟ್ಟ ಕ್ಲಚ್ ವಾಸನೆ, ಆಮೇಲೆ ಜೀಪು. ಗುಡ್ಡದ ಬದಿಗೆ ಅಂಟಿಕೊಂಡು ನಿಂತೆವು. ಒಳಗೆ ಕೂತವರೆಲ್ಲ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಡಬ್ಬಿಯಲ್ಲಿ ಕುಲುಕಿದ ಕಡಲೆ ಹಾಗೆ. ಅಷ್ಟರಲ್ಲೂ ಒಬ್ಬಳು ಹುಡುಗಿ ಮೊಬೈಲ್ ಹೊರಗೆ ಹಿಡಿದು ನಮ್ಮ ವಿಡಿಯೋ ಮಾಡುತ್ತಿದ್ದಳು. ಒಬ್ಬ ಅಜ್ಜ ಕೈಮುಗಿದರು. ನಮಗೋ, ಮೇಲಿರುವ ಅಮ್ಮನಿಗೋ ತಿಳಿಯಲಿಲ್ಲ.

ಎಂಟು ಕಿಲೋಮೀಟರ್ ದಾಟಿದ ಮೇಲೆ ಕಾಡು ತೆಳ್ಳಗಾಯಿತು. ಅಲ್ಲಿಯ ತನಕ ತಲೆ ಮೇಲೆ ಸೂರು ಕಟ್ಟಿದ ಹಾಗಿದ್ದ ಮರ ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಮುಗಿದು, ಹುಲ್ಲಿನ ಬೋಳುಗುಡ್ಡ ಶುರು. ಗಾಳಿ ತಣ್ಣಗೆ ಬಡಿಯಿತು. ಬೆವರಿದ ಅಂಗಿ ಬೆನ್ನಿಗೆ ಅಂಟಿ ಚಳಿ ಹಿಡಿಯಿತು. ಹುಲ್ಲು ಆಗಲೇ ಹಳದಿಗೆ ತಿರುಗಿತ್ತು, ಕಣಿವೆಯ ಮಡಿಕೆಗಳಲ್ಲಿ ಮಾತ್ರ ಕಪ್ಪು ಹಸಿರು ಕಾಡು. ಮೂಲ ಮೂಕಾಂಬಿಕೆಯ ಗುಡಿ ಹತ್ತಿರ ಸೈಕಲ್ ನಿಲ್ಲಿಸಿದಾಗ ಹತ್ತೂವರೆ. ಕಟ್ಟಿನಹೊಳೆ ಬಿಟ್ಟು ಮೂರು ಗಂಟೆ ಹತ್ತು ನಿಮಿಷ. ಅದರಲ್ಲಿ ತುಳಿದದ್ದು ಆರು ಕಿಲೋಮೀಟರ್ ಇರಬಹುದು. ಉಳಿದದ್ದು ನಾನು ತಳ್ಳಿದ್ದು, ಭಾವ ಹೊತ್ತದ್ದು.

ಗುಡಿಯ ಮುಂದೆ ಎತ್ತರದ ಕಬ್ಬಿಣದ ಕಂಬ ಇದೆ. ಮೂಕಾಸುರನನ್ನು ಕೊಂದ ದೇವಿಯ ತ್ರಿಶೂಲ ಅಂತ ನಂಬಿಕೆ. ಎಷ್ಟು ಮಳೆಗಾಲಕ್ಕೆ ಮೈಯೊಡ್ಡಿ ನಿಂತಿದೆಯೋ. ನನ್ನ ಚೈನು ಒಂದು ಮಳೆಗಾಲಕ್ಕೇ ತುಕ್ಕು ಹಿಡಿದು ಹೋಗಿತ್ತು. ಎಣ್ಣೆ ಯಾವುದು ಅಂತ ಕೇಳಬೇಕು ಅನಿಸಿತು.

ಅಲ್ಲಿಂದ ಮೇಲೆ ಸರ್ವಜ್ಞ ಪೀಠಕ್ಕೆ ಕಾಲುದಾರಿ. ಸೈಕಲ್ ಅಲ್ಲೇ ಬಿಟ್ಟು ನಡೆದೆವು. ಆ ಹುಲ್ಲುದಾರಿ ಮೇಲೆ ಟೈರ್ ಉರುಳಿಸುವುದು ಸರಿಯಲ್ಲ. ಒಂದು ಸಲ ಗೆರೆ ಬಿದ್ದರೆ ಮಳೆ ನೀರು ಅದನ್ನೇ ಹಿಡಿದು ಕೊರಕಲು ಮಾಡುತ್ತದೆ, ಕೆಳಗೆ ನೋಡಿಯೇ ಬಂದಿದ್ದೆವಲ್ಲ. ತುದಿಯಲ್ಲಿ ಕಲ್ಲಿನ ಪುಟ್ಟ ಮಂಟಪ. ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿದರು ಅನ್ನುತ್ತಾರೆ. ಪಡುವಣಕ್ಕೆ ಘಟ್ಟ ಒಂದೇ ಸಲ ಕಡಿದು ಬಿದ್ದಿದೆ, ಅಡಿಯಲ್ಲಿ ಕೊಲ್ಲೂರಿನ ಕಾಡು. ಸಮುದ್ರ ಕಾಣುತ್ತದೆ ಅಂತ ಭಾವ ಬೆರಳು ತೋರಿಸಿದರು. ನನಗೆ ಬಿಳಿ ಮಬ್ಬು ಕಂಡಿತು. ಅವರಿಗೂ ಅಷ್ಟೇ ಕಂಡಿರಬೇಕು, ಒಪ್ಪಿಕೊಳ್ಳಲಿಲ್ಲ. ಈ ಗುಡ್ಡದ ಹೆಸರು ಕುಟಜಾದ್ರಿ ಅಂತಲೂ ಇದೆ. ಕುಟಜ ಅಂದರೆ ನಮ್ಮ ಕೊಡಸಿಗ. ಅಮ್ಮ ಹೊಟ್ಟೆ ಕೆಟ್ಟಾಗ ಕೊಡುತ್ತಿದ್ದ ಕಹಿ ಕಷಾಯ ನೆನಪಾಗಿ ಬಾಯಿ ಕಹಿಯಾಯಿತು. ಮೊಸರನ್ನ ಬಿಚ್ಚಿದೆವು.

ಹನ್ನೆರಡೂಕಾಲಿಗೆ ಇಳಿಯೋಕೆ ಶುರು.

ಮೊದಲ ಕಿಲೋಮೀಟರ್ ಖುಷಿ. ಸೀಟು ನಾಲ್ಕು ಬೆರಳು ಕೆಳಗಿಳಿಸಿದ್ದೆ. ಪೆಡಲಿನ ಮೇಲೆ ನಿಂತು, ಸೊಂಟ ಹಿಂದಕ್ಕೆ ಹಾಕಿ, ಮಂಡಿ ಸಡಿಲ ಬಿಟ್ಟು ಹೋದೆ. ಮುಂದಿನ ಶಾಕ್ ನೂರು ಮಿಲಿಮೀಟರಿನದು, ಅದರ ಪಾಡಿಗೆ ಅದು ಕಲ್ಲು ನುಂಗುತ್ತಿತ್ತು. ಬ್ರೇಕಿನ ಲಿವರ್ ಮೇಲೆ ಎರಡೂ ಕೈಯ ತೋರುಬೆರಳು, ನಡುಬೆರಳು. ಉಳಿದ ಬೆರಳು ಹಿಡಿಗೆ. ಹೆದರಿಕೆಗೆ ಲಿವರನ್ನು ಪೂರ್ತಿ ಬಿಡುತ್ತಲೇ ಇರಲಿಲ್ಲ. ಸ್ವಲ್ಪ ಸ್ವಲ್ಪ ಹಿಡಿದುಕೊಂಡೇ ಇದ್ದೆ. ಅದೇ ತಪ್ಪು.

ಎರಡನೇ ಕಿಲೋಮೀಟರಿಗೆ ಮುಂಗೈ ಉರಿಯತೊಡಗಿತು. ಹ್ಯಾಂಡಲ್ ಒಂದೇ ಸಮನೆ ಕುಟ್ಟುತ್ತಿತ್ತು, ರುಬ್ಬುವ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಯಾರೋ ತಿರುಗಿಸುತ್ತಿರುವ ಹಾಗೆ. ಮೂರನೇ ಕಿಲೋಮೀಟರಿಗೆ ಬೆರಳು ಬಿಡಿಸಲು ಬರುವುದಿಲ್ಲ. ಬಿಡಿಸಿದರೆ ಮಡಿಸಲು ಬರುವುದಿಲ್ಲ. ನಿಂತು ಕೈ ಕೊಡವಿದೆ. ಹಿಂದಿನ ಡಿಸ್ಕಿನಿಂದ ಸುಟ್ಟ ವಾಸನೆ. ಭಾವ ಬಾಟಲಿಯಿಂದ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ಡಿಸ್ಕಿನ ಮೇಲೆ ಚಿಮುಕಿಸಿದರು. ‘ಚುಂಯ್’ ಅಂತು, ದೋಸೆ ಕಾವಲಿಗೆ ನೀರು ಹಾಕಿದ ಹಾಗೆ. “ಹುಯ್ಯಬಹುದಿತ್ತು ಹಿಟ್ಟು,” ಅಂದರು.

ಬ್ರೇಕ್ ಕೆಲಸ ಮಾಡುವುದೇ ಉಜ್ಜಿ ಬಿಸಿಯಾಗಿ. ಇಳಿಯುವ ವೇಗವೆಲ್ಲ ಆ ತಗಡಿನಲ್ಲಿ ಶಾಖವಾಗಬೇಕು. ಒಂದೇ ಸಮ ಹಿಡಿದುಕೊಂಡಿದ್ದರೆ ಆರಲು ಪುರುಸೊತ್ತೇ ಇಲ್ಲ. ಪ್ಯಾಡ್ ಕಾದು ಹಿಡಿತ ಕಡಿಮೆಯಾಗುತ್ತದೆ, ಆಗ ಇನ್ನೂ ಜೋರಾಗಿ ಒತ್ತಬೇಕು, ಬೆರಳು ಇನ್ನೂ ಸೋಲುತ್ತದೆ. ಭಾವ ಹೇಗೆ ಇಳಿಯುತ್ತಾರೆ ಅಂತ ಆಮೇಲೆ ಹಿಂದಿನಿಂದ ನೋಡಿದೆ. ಕಲ್ಲು ಜಾಸ್ತಿ ಇರುವ ಕಡೆ ಬ್ರೇಕ್ ಪೂರ್ತಿ ಬಿಟ್ಟುಬಿಡುತ್ತಿದ್ದರು. ಸ್ವಲ್ಪ ಮಟ್ಟಸ ಜಾಗ ಸಿಕ್ಕಿದ ಕೂಡಲೇ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಮತ್ತೆ ಬಿಡುತ್ತಿದ್ದರು. ಬಿಟ್ಟಾಗ ಗಾಲಿ ಕಲ್ಲಿನ ಮೇಲೆ ಉರುಳಿಕೊಂಡು ಹೋಗುತ್ತದೆ. ಹಿಡಿದಾಗ ಕಲ್ಲಿನ ಜೊತೆ ಜಾರುತ್ತದೆ. ಹೇಳುವುದು ಸುಲಭ. ಕೊರಕಲಿನ ಮುಂದೆ ಬ್ರೇಕ್ ಬಿಡು ಅಂದರೆ ಮನಸ್ಸು ಕೇಳಬೇಕಲ್ವಾ?

ಬಿದ್ದದ್ದು ಐದನೇ ಕಿಲೋಮೀಟರಿನಲ್ಲಿ. ಎಡತಿರುವು, ನೆರಳು, ಕಲ್ಲಿನ ಮೇಲೆ ಇನ್ನೂ ಪಾಚಿಯ ಪಸೆ. ಲಿವರ್ ಒತ್ತು ಅಂತ ತಲೆ ಹೇಳಿತು, ಬೆರಳು ಕೇಳಲಿಲ್ಲ. ನಿಜವಾಗಿ ಹೇಳುತ್ತೇನೆ, ಬೆರಳು ಅಲ್ಲೇ ಇತ್ತು, ಲಿವರ್ ಮೇಲೇ ಇತ್ತು. ಅದರಲ್ಲಿ ಏನೂ ಇರಲಿಲ್ಲ. ಮುಂದಿನ ಗಾಲಿ ಜಾಡಿಗೆ ಇಳಿಯಿತು, ಹ್ಯಾಂಡಲ್ ತಿರುಚಿತು, ನಾನು ಬಲಗಡೆಗೆ ಸೈಕಲ್ ಸಮೇತ ಮಲಗಿದೆ. ಪುಣ್ಯಕ್ಕೆ ಆ ಕಡೆ ಗುಡ್ಡ. ಕಣಿವೆ ಇದ್ದದ್ದು ಎಡಕ್ಕೆ. ಮೊಣಕೈ ತರಚಿತು, ತೊಡೆ ಕೆಂಪು ಮಣ್ಣಾಯಿತು. ಬಿದ್ದ ಜಾಗದಲ್ಲಿ ಸರಿಯಾಗಿ ದರಗಿನ ರಾಶಿ. ಅತ್ತಿಗೆ ಕೂರಬೇಡಿ ಅಂದಿದ್ದರು, ನಾನು ಮಲಗಿದ್ದೆ. ಧಡಕ್ಕನೆ ಎದ್ದು ಬಟ್ಟೆ ಕೊಡವಿಕೊಂಡೆ.

ಅಲ್ಲಿಂದ ಕೆಳಗೆ ಇನ್ನೂರು ಮಾರಿಗೊಮ್ಮೆ ನಿಂತು, ಕೈ ಕೊಡವಿ, ಮತ್ತೆ ಇಳಿದೆ. ತೀರಾ ಕಡಿದು ಬಂದ ಮೂರು ಕಡೆ ಇಳಿದು ನಡೆದೆ. ಇಳಿಜಾರಿನಲ್ಲಿ ಸೈಕಲ್ ನಡೆಸಿಕೊಂಡು ಹೋಗುವುದಕ್ಕೂ ಬ್ರೇಕ್ ಹಿಡಿಯಲೇಬೇಕು ಅನ್ನುವುದು ಆಗ ಗೊತ್ತಾಯಿತು. ಗೇಟಿನ ಹತ್ತಿರ ಬೆಳಗಿನ ಹಿರಿಯರೇ ಜೀಪಿನಲ್ಲಿ ಕೂತಿದ್ದರು. ನನ್ನ ಮೊಣಕೈ ನೋಡಿದರು, ಏನೂ ಕೇಳಲಿಲ್ಲ. ತಲೆ ಆಡಿಸಿದರು.

ಇನ್ನೇನು ಮುಗಿಯಿತು, ನಿಟ್ಟೂರಿನಲ್ಲಿ ಟೀ ಕುಡಿಯೋಣ ಅಂದುಕೊಂಡೆ. ಒಂದು ಸಣ್ಣ ಏರು ಬಂತು. ಅತಿ ಸಣ್ಣ ಗೇರಿಗೆ ಹಾಕಿದೆ. ‘ಖಟ್’. ಹಿಂದಿನ ಗಾಲಿ ನಿಂತಿತು.

ಇಳಿದು ನೋಡಿದರೆ ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಗಾಲಿಯ ಕಡ್ಡಿಯೊಳಗೆ ಹೋಗಿ ಕೂತಿದೆ. ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಅನ್ನುವ ಪುಟ್ಟ ಅಲ್ಯೂಮಿನಿಯಂ ತುಂಡು ಎರಡಾಗಿದೆ. ಆಗ ಬೆಳಗಿನಿಂದ ಕೇಳಿದ ಸದ್ದೆಲ್ಲ ಒಂದಕ್ಕೊಂದು ಕೂಡಿಕೊಂಡಿತು. ಬಸ್ಸಿನ ಮೇಲೆ ಗೇರಿನ ಬದಿ ಕೆಳಗಿತ್ತು. ಮೇಲೆ ಹಿಂಡಿ ಚೀಲ. ಹ್ಯಾಂಗರ್ ಸ್ವಲ್ಪ ಒಳಕ್ಕೆ ಬಗ್ಗಿತ್ತು. ಸಣ್ಣ ಗೇರಿಗೆ, ಅಂದರೆ ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಹಾಕಿದಾಗಲೆಲ್ಲ ಡಿರೇಲರ್ ಕಡ್ಡಿಗೆ ತಾಗಿ ‘ಟಿಕ್ ಟಿಕ್’ ಅನ್ನುತ್ತಿತ್ತು. ಬಲಕ್ಕೆ ಬಿದ್ದಾಗ ಇನ್ನಷ್ಟು ಬಗ್ಗಿತು. ಇಳಿಯುವಾಗ ಆ ಗೇರಿಗೆ ಹಾಕಲೇ ಇಲ್ಲ, ಗೊತ್ತಾಗಲಿಲ್ಲ. ಹ್ಯಾಂಗರ್ ಇರುವುದೇ ಮುರಿಯಲಿಕ್ಕೆ, ಫ್ರೇಮ್ ಉಳಿಯಲಿ ಅಂತ ಅದನ್ನು ಮೆತ್ತಗೆ ಮಾಡಿರುತ್ತಾರೆ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. ಪೇಟೆಯಲ್ಲೇ ಸಿಗುವುದು ಕಷ್ಟ, ನಿಟ್ಟೂರಿನಲ್ಲಿ ಕೇಳುವುದುಂಟೇ? ಒಂದು ಜಾಸ್ತಿ ಇಟ್ಟುಕೊಳ್ಳಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಬೇರೆಯವರಿಗೆ ಹೇಳಿದ್ದೆ.

ರಸ್ತೆ ಬದಿ ಕೂತು ಸೈಕಲ್ಲನ್ನು ಒಂದೇ ಗೇರಿನದು ಮಾಡಿದೆವು. ಡಿರೇಲರ್ ಬಿಚ್ಚಿ ಚೀಲಕ್ಕೆ ಹಾಕಿದೆ. ಚೈನ್ ಕಡಿಯುವ ಸಲಕರಣೆ ನನ್ನ ಹತ್ತಿರ ಇತ್ತು, ಆದರೆ ಅದರ ಹಿಡಿ ತಿರುಗಿಸಲು ಬೆರಳಿಗೆ ಬಲವಿಲ್ಲ. ಭಾವ ತಿರುಗಿಸಿದರು. ಮುಂದೆ ಇರುವುದು ಒಂದೇ ಚಕ್ರ. ಹಿಂದೆ ಅದಕ್ಕೆ ನೇರ ಬರುವ ಒಂದು ನಡುವಿನ ಚಕ್ರ ಆರಿಸಿ, ಚೈನ್ ಸುತ್ತಿ, ಎಳೆದು, ಹೆಚ್ಚಿದ ಕೊಂಡಿ ಕಡಿದು, ಜೋಡಿಸುವ ಕೊಂಡಿ ಹಾಕಿದೆವು. ಮೊದಲ ಸಲ ಸಡಿಲವಾಯಿತು. ಸಡಿಲವಾದರೆ ಚೈನು ತಾನಾಗಿ ಪಕ್ಕದ ದೊಡ್ಡ ಚಕ್ರಕ್ಕೆ ಹತ್ತಿಕೊಂಡು ತಂತಿ ಮಾಡಿದಂತೆ ಬಿಗಿದು ಕೂರುತ್ತದೆ. ಇನ್ನೊಂದು ಜೋಡಿ ಕೊಂಡಿ ತೆಗೆದೆವು. ಈ ಕೆಲಸಕ್ಕೆ ಮುಕ್ಕಾಲು ಗಂಟೆ. ದಾರಿಹೋಕರೊಬ್ಬರು ಬೈಕ್ ನಿಲ್ಲಿಸಿ ಕೊನೆಯ ತನಕ ನೋಡಿ, “ಗೇರ್ ಸೈಕಲ್ ತಗೊಂಡು ಗೇರ್ ತೆಗೆದು ಹಾಕ್ತಿದೀರಲ್ಲ” ಅಂದು ಹೋದರು.

ನಿಟ್ಟೂರಿನಿಂದ ಸಂಪೆಕಟ್ಟೆ ತನಕ ಟಾರು. ಮಟ್ಟಸ ಜಾಗದಲ್ಲಿ ತುಳಿದೆ, ಏರಿನಲ್ಲಿ ತಳ್ಳಿದೆ, ಇಳಿಜಾರಿನಲ್ಲಿ ದೇವರ ಹೆಸರು ಹೇಳಿದೆ. ಮನೆ ಸೇರಿದಾಗ ಐದೂವರೆ. ನನ್ನ ಮೀಟರಿನಲ್ಲಿ 47 ಕಿಲೋಮೀಟರ್.

ಬಟ್ಟೆ ಬಕೆಟ್ಟಿಗೆ, ಬಿಸಿನೀರು ಸ್ನಾನ. ಆಮೇಲೆ ಅತ್ತಿಗೆ ಕಾಫಿ ಲೋಟ ಕೈಗೆ ಕೊಟ್ಟರು. ಹಿಡಿದೆ, ಹಿಡಿಯಲಾಗಲಿಲ್ಲ. ಅರ್ಧ ಕಾಫಿ ಜಗಲಿಗೆ. ಎರಡನೇ ಲೋಟವನ್ನು ಕೆಳಗಿಟ್ಟು, ಎರಡೂ ಅಂಗೈ ನಡುವೆ ಒತ್ತಿ ಎತ್ತಿ ಕುಡಿದೆ, ಮಂಗ ಕುಡಿದ ಹಾಗೆ.

ಅಡಿಕೆ ಕೊಯ್ಲಿನ ಕಾಲ. ಊಟ ಆದ ಮೇಲೆ ಅಂಗಳದಲ್ಲಿ ದೀಪದಡಿ ಸಾಲಾಗಿ ಮೆಟ್ಟುಗತ್ತಿ ಇಟ್ಟು ಅಕ್ಕಪಕ್ಕದ ಮನೆಯವರು ಸುಲಿಯಲು ಕೂತರು. ಭಾವನೂ ಒಂದು ಮೆಟ್ಟುಗತ್ತಿ ಎಳೆದುಕೊಂಡರು. ಅದೇ ಕೈಯಲ್ಲಿ, ಅದೇ ದಿನ. ಕಾಯಿ ಕತ್ತಿಗೆ ಒತ್ತುವುದು, ತಿರುವುವುದು, ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ತೋರುಬೆರಳು, ನಡುಬೆರಳು, ಹೆಬ್ಬೆರಳು. ನೋಡುತ್ತಾ ಕೂತೆ. ನನಗೂ ಒಂದು ಕೊಡಿ ಅಂದೆ. ಕಾಯಿ ಎರಡು ಸಲ ಕೈಯಿಂದ ಉರುಳಿ ಅಂಗಳಕ್ಕೆ ಹೋಯಿತು. ಪಕ್ಕದಲ್ಲಿದ್ದ ಅಜ್ಜಿ ಎತ್ತಿ ತಾವೇ ಸುಲಿದು ಬುಟ್ಟಿಗೆ ಹಾಕಿದರು. ಅವರ ಕೈ ನಿಲ್ಲಲೇ ಇಲ್ಲ, ನನ್ನ ಕಡೆ ನೋಡಲೂ ಇಲ್ಲ.

ಸೈಕಲ್ ಅಲ್ಲೇ ಬಿಟ್ಟು ಮರುದಿನ ಬಸ್ಸಿಗೆ ಬಂದೆ. ಹ್ಯಾಂಗರ್ ತರಿಸುವುದಕ್ಕೆ ಎರಡು ವಾರ ಹಿಡಿಯಿತು, ಈ ಸಲ ಎರಡು ತರಿಸಿದೆ. ತಗೊಂಡು ಬರುತ್ತೇನೆ ಅಂತ ಫೋನ್ ಮಾಡಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, “ನಿಧಾನ ಬಾ. ಮಗ ಅದನ್ನೇ ತಗೊಂಡು ಡೈರಿಗೆ ಹಾಲು ಹಾಕಿ ಬರ್ತಿದಾನೆ. ಗೇರ್ ಇಲ್ಲದಿದ್ರೆ ತಲೆಬಿಸಿ ಇಲ್ಲ ಅಂತಾನೆ.”